ರೋಡ್ ಐಲೆಂಡ್: ವಸಾಹತು ರಾಜ್ಯವಾದ ಬಗೆ

ರೋಡ್ ಐಲೆಂಡ್ ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ಕರಾವಳಿಯಲ್ಲಿ, ನ್ಯಾರಗ್ಯಾನ್ಸೆಟ್ ಕೊಲ್ಲಿಯ ಸುತ್ತ ಹರಡಿರುವ ರಾಜ್ಯ. ವಿಸ್ತೀರ್ಣದಲ್ಲಿ ಆ ದೇಶದಲ್ಲೇ ಅತಿ ಚಿಕ್ಕದು. ಬ್ರಿಟಿಷರ ಹದಿಮೂರು ಮೂಲ ವಸಾಹತುಗಳಲ್ಲಿ ಒಂದು.

ಈ ವಸಾಹತನ್ನು ಕಟ್ಟಿದವರು ನೆರೆಯ ಮ್ಯಾಸಚೂಸೆಟ್ಸ್‌ನಿಂದ ಹೊರದೂಡಲ್ಪಟ್ಟವರು. ಜನರ ಧರ್ಮದ ವಿಷಯದಲ್ಲಿ ಸರ್ಕಾರ ಕೈಹಾಕಬಾರದು, ಮೂಲನಿವಾಸಿಗಳಿಂದ ಕೊಳ್ಳದ ನೆಲಕ್ಕೆ ದೊರೆಯ ಸನ್ನದು ಹಕ್ಕು ಕೊಡಲಾರದು ಎಂದು ವಾದಿಸಿದ ಪಾದ್ರಿ ರಾಜರ್ ವಿಲಿಯಮ್ಸ್‌ನನ್ನು ಅಲ್ಲಿನ ಪ್ಯೂರಿಟನ್ ಆಡಳಿತ 1635ರಲ್ಲಿ ಗಡೀಪಾರು ಮಾಡಿತು. ಮರುವರ್ಷ ಈತ ನ್ಯಾರಗ್ಯಾನ್ಸೆಟ್ ಮೂಲನಿವಾಸಿಗಳ ಮುಖಂಡರಾದ ಕನಾನಿಕಸ್ ಮತ್ತು ಮಿಯಾಂಟನೊಮಿ ಅವರಿಂದ ಜಾಗ ಪಡೆದು ಪ್ರಾವಿಡೆನ್ಸ್ ಊರನ್ನು ಸ್ಥಾಪಿಸಿದ. ಆ ಜನರ ಭಾಷೆ ಕಲಿತು, 1643ರಲ್ಲಿ ಅದರ ಬಗ್ಗೆ ಲಂಡನ್ನಿನಲ್ಲಿ ಪುಸ್ತಕ ಅಚ್ಚು ಮಾಡಿಸಿದ. ಬಾಸ್ಟನ್ನಿನಲ್ಲಿ ಮತವಿಚಾರಣೆಗೆ ಗುರಿಯಾದ ಆನ್ ಹಚಿನ್ಸನ್‌ಳ ಬಳಗ 1638ರಲ್ಲಿ ಪೋರ್ಟ್ಸ್‌ಮತ್‌ನಲ್ಲಿ ನೆಲೆಸಿತು. ಬಳಿಕ ನ್ಯೂಪೋರ್ಟ್, ವಾರಿಕ್ ಊರುಗಳು ಹುಟ್ಟಿದವು.

ಸ್ವತಂತ್ರ ಬುದ್ಧಿಯವರೇ ತುಂಬಿದ್ದ ಈ ಊರುಗಳು ಪರಸ್ಪರ ಹೊಂದಿಕೊಳ್ಳಲು ಬಹಳ ಕಾಲ ಹಿಡಿಯಿತು. 1644ರಲ್ಲಿ ಪಾರ್ಲಿಮೆಂಟಿನಿಂದ ಒಂದು ಸನ್ನದು ದೊರೆತರೂ ಭದ್ರ ಬುನಾದಿಯಾದದ್ದು ವಸಾಹತಿನ ಪರವಾಗಿ ಜಾನ್ ಕ್ಲಾರ್ಕ್ ಎಂಬಾತ ಲಂಡನ್ನಿನಲ್ಲಿ ದಶಕಕ್ಕೂ ಮಿಕ್ಕು ಇದ್ದು ಎರಡನೆಯ ಚಾರ್ಲ್ಸ್‌ನಿಂದ ಪಡೆದ 1663ರ ಸನ್ನದು. ಮತಭೇದಕ್ಕಾಗಿ ಯಾರನ್ನೂ ದಂಡಿಸಬಾರದೆಂದು ಅದು ಸಾರಿತು. ಗವರ್ನರನನ್ನು ಆರಿಸುವ ಅಧಿಕಾರವನ್ನೂ ವಸಾಹತಿಗೇ ಬಿಟ್ಟಿತು. ಕ್ವೇಕರರೂ ಯೆಹೂದ್ಯರೂ ಇಲ್ಲಿ ನೆಲೆ ಕಂಡುಕೊಂಡರು.

ಈ ಔದಾರ್ಯ ಎಲ್ಲರ ಪಾಲಿಗೂ ಬರಲಿಲ್ಲ. ನೆಲ ಕೊಟ್ಟ ನ್ಯಾರಗ್ಯಾನ್ಸೆಟ್ ಜನರ ಕೋಟೆಗೆ 1675ರ ಡಿಸೆಂಬರ್‌ನಲ್ಲಿ ನೆರೆಯ ವಸಾಹತುಗಳ ಸೇನೆ ನುಗ್ಗಿ ಹೆಂಗಸರು ಮಕ್ಕಳೆನ್ನದೆ ನೂರಾರು ಮಂದಿಯನ್ನು ಕೊಂದಿತು. ಮುಂದಿನ ಮಾರ್ಚ್‌ನಲ್ಲಿ ನ್ಯಾರಗ್ಯಾನ್ಸೆಟ್ ಜನರ ಪ್ರತಿದಾಳಿಯಲ್ಲಿ ಪ್ರಾವಿಡೆನ್ಸ್ ಬೆಂಕಿಗೆ ಆಹುತಿಯಾಯಿತು. ಹದಿನೆಂಟನೆಯ ಶತಮಾನದಲ್ಲಂತೂ ನ್ಯೂಪೋರ್ಟ್ ಆಫ್ರಿಕನ್ನರ ಗುಲಾಮ ವ್ಯಾಪಾರದ ಪ್ರಮುಖ ಬಂದರಾಗಿ ಬೆಳೆಯಿತು. ಈ ರಾಜ್ಯದ ಚರಿತ್ರೆ ಬರೆಯುವವರು ಇದನ್ನು ಅಡಿಟಿಪ್ಪಣಿಗೆ ತಳ್ಳುವಂತಿಲ್ಲ.

1776ರ ಮೇ 4ರಂದು, ಹದಿಮೂರು ವಸಾಹತುಗಳ ಸ್ವಾತಂತ್ರ್ಯ ಘೋಷಣೆಗೆ ಎರಡು ತಿಂಗಳು ಮೊದಲೇ, ರೋಡ್ ಐಲೆಂಡ್ ದೊರೆಗೆ ನಿಷ್ಠೆಯನ್ನು ತೊರೆಯಿತು. ಆದರೆ ಹೊಸ ಸಂವಿಧಾನದಡಿಯ ಒಕ್ಕೂಟಕ್ಕೆ ಸೇರಲು ಹಿಂದೇಟು ಹಾಕಿತು. ಸಾಲದಲ್ಲಿದ್ದ ರೈತರ ಪರವಾಗಿ ಕಾಗದದ ಹಣ ಅಚ್ಚು ಹಾಕುತ್ತಿದ್ದ ಅದರ ಶಾಸನಸಭೆಗೆ ಬಲಿಷ್ಠ ಕೇಂದ್ರವೆಂದರೆ ಅನುಮಾನ. ಆ ಸಂವಿಧಾನವನ್ನು ರಚಿಸಿದ 1787ರ ಫಿಲಡೆಲ್ಫಿಯಾ ಸಮಾವೇಶಕ್ಕೆ ಪ್ರತಿನಿಧಿಗಳನ್ನೇ ಕಳಿಸಲಿಲ್ಲ. 1789ರಲ್ಲಿ ವಾಷಿಂಗ್ಟನ್ ಅಧ್ಯಕ್ಷನಾದಾಗಲೂ ಅದು ಒಕ್ಕೂಟದ ಹೊರಗಿತ್ತು. ರೋಡ್ ಐಲೆಂಡಿನೊಂದಿಗೆ ವ್ಯಾಪಾರ ನಿಲ್ಲಿಸುವ ಮಸೂದೆಯನ್ನು ಸೆನೆಟ್ ಅಂಗೀಕರಿಸಿದ ಮೇಲೆ, 1790ರ ಮೇ 29ರಂದು 34–32 ಮತಗಳಿಂದ ಸಂವಿಧಾನಕ್ಕೆ ಸಮ್ಮತಿ ನೀಡಿತು. ಹದಿಮೂರರಲ್ಲಿ ಕೊನೆಯದಾಗಿ ಒಪ್ಪಿದ್ದು ಇದೇ.

ದೊರೆಯನ್ನು ತೊರೆದರೂ ದೊರೆಯ ಸನ್ನದೇ 1843ರವರೆಗೆ ರಾಜ್ಯದ ಮೂಲಶಾಸನವಾಗಿ ಉಳಿಯಿತು. ಮತದಾನಕ್ಕೆ ಜಮೀನು ಇರಲೇಬೇಕೆಂಬ ಹಳೆಯ ನಿಯಮದಿಂದ ಗಿರಣಿ ಕಾರ್ಮಿಕರು ಹೊರಗುಳಿದಿದ್ದರು. 1841–42ರಲ್ಲಿ ಇದನ್ನು ವಿರೋಧಿಸಿ ಥಾಮಸ್ ಡಾರ್ ಎಂಬಾತ ಬದಲಿ ಸಂವಿಧಾನ ರಚಿಸಿ, ತಾನೇ ಗವರ್ನರನೆಂದು ಬಂಡೆದ್ದ. ಬಂಡಾಯ ಸೋತಿತು, ಆತನಿಗೆ ಜೀವಾವಧಿ ಶಿಕ್ಷೆಯಾದರೂ 1845ರಲ್ಲಿ ಬಿಡುಗಡೆ ದೊರೆಯಿತು. 1843ರ ಹೊಸ ಸಂವಿಧಾನ ಮತದಾನದ ಹಕ್ಕನ್ನು ವಿಸ್ತರಿಸಿತು. ಆದರೂ ವಲಸೆ ಬಂದು ಪೌರತ್ವ ಪಡೆದವರು ಜಮೀನಿಲ್ಲದೆ ಮತ ಹಾಕಲು 1888ರ ತಿದ್ದುಪಡಿಯವರೆಗೆ ಕಾಯಬೇಕಾಯಿತು.