ತಂಪಿನಿಂದ ಹುಟ್ಟುವ ನೊರೆ

ನೊರೆ ಎಂದೊಡನೆ ನಮಗೆ ನೆನಪಾಗುವುದು ಸಾಬೂನು, ಉಕ್ಕುವ ಹಾಲು. ಆದರೆ ಗಾಳಿ ಊದದೆ, ಬರಿಯ ತಂಪಿನ ಬಲದಿಂದಲೇ ಪ್ಲಾಸ್ಟಿಕ್ಕನ್ನು ನೊರೆಯಂತೆ ರಂಧ್ರಮಯವಾಗಿಸುವ ವಿಧಾನವೊಂದುಂಟು.

ಚಳಿಗಾಲದ ಬೆಳಗ್ಗೆ ತಿಳಿಯಾದ ಕೊಬ್ಬರಿ ಎಣ್ಣೆ ಮಬ್ಬಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಸೈಕ್ಲೋಹೆಕ್ಸೇನಿನಲ್ಲಿ ಕರಗಿಸಿದ ಪಾಲಿಸ್ಟೈರೀನೂ ನೋಟಕ್ಕೆ ಹಾಗೆಯೇ. ಸುಮಾರು 35 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಅದು ತಿಳಿ. ತಣಿಸುತ್ತ ಹೋದರೆ ಮಬ್ಬು. ಪಾಲಿಮರ್ ಹೆಚ್ಚಿರುವ ಭಾಗವೂ ದ್ರಾವಕ ಹೆಚ್ಚಿರುವ ಭಾಗವೂ ಬೇರ್ಪಡುತ್ತವೆ. ಆ ಸ್ಥಿತಿಯಲ್ಲೇ ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ದ್ರಾವಕವನ್ನು ಆವಿಯಾಗಿಸಿದರೆ, ಅದು ಬಿಟ್ಟುಹೋದ ಜಾಗವೇ ರಂಧ್ರ. ದ್ರಾವಣವನ್ನು ತಣಿಸಿ ರಂಧ್ರಮಯ ಪಾಲಿಮರ್ ಪಡೆಯುವ ಕ್ರಮಕ್ಕೆ ಅಮೆರಿಕದ ಆಂಥೊನಿ ಕ್ಯಾಸ್ಟ್ರೊ 1981ರಲ್ಲಿ ಪೇಟೆಂಟ್ ಪಡೆದರು. 1985ರಲ್ಲಿ ಆಬರ್ಟ್ ಮತ್ತು ಕ್ಲಫ್ ಎಂಬ ವಿಜ್ಞಾನಿಗಳು ಪಾಲಿಸ್ಟೈರೀನಿನ ಅತಿ ಹಗುರ ನೊರೆಯನ್ನು ಪ್ರಕಟಪಡಿಸಿದರು.

ಈ ಪಾಲಿಸ್ಟೈರೀನ್ ನಮಗೇನೂ ದೂರದ್ದಲ್ಲ. ನೆರೆಯ ಆಂಧ್ರದ ವಿಶಾಖಪಟ್ಟಣದಲ್ಲಿ 1961ರಲ್ಲಿ ಹಿಂದೂಸ್ತಾನ್ ಪಾಲಿಮರ್ಸ್ ಸ್ಥಾಪನೆಯಾಯಿತು. 1978ರಲ್ಲಿ ಅದು ಬೆಂಗಳೂರಿನ ಯು.ಬಿ. ಸಮೂಹದ ಮೆಕ್‌ಡೊವೆಲ್ ಕಂಪನಿಯಲ್ಲಿ ವಿಲೀನವಾಗಿ, 1997ರಲ್ಲಿ ಕೊರಿಯಾದ ಎಲ್.ಜಿ. ಕೆಮ್ ಕೈಸೇರಿತು. ಪಾಲಿಸ್ಟೈರೀನಿನ ಕಚ್ಚಾವಸ್ತು ಸ್ಟೈರೀನ್ ಎಂಬ ದ್ರವ. ಅದನ್ನೂ ತಂಪಾಗಿಯೇ ಇಡಬೇಕು. ಇಲ್ಲದಿದ್ದರೆ ಅದು ತಾನಾಗಿ ಪಾಲಿಮರಾಗುತ್ತ ಕಾವೇರುತ್ತದೆ. 2020ರ ಮೇ 7ರ ನಸುಕಿನಲ್ಲಿ ಅಲ್ಲಿನ ತೊಟ್ಟಿಯೊಂದು ಹೀಗೆಯೇ ಕಾವೇರಿ, ಸೋರಿದ ಆವಿಗೆ ಮಲಗಿದ್ದ ಊರಿನ 12 ಜನ ಬಲಿಯಾದರು.

ಪ್ರಯೋಗಶಾಲೆಯ ಬಟ್ಟಲಿನಲ್ಲಿ ಒಂದೊಂದು ಡಿಗ್ರಿಗೂ ಕಾವಲಿರುವ ನಾವು, ಊರ ಪಕ್ಕದ ತೊಟ್ಟಿಗೂ ಅಷ್ಟೇ ಎಚ್ಚರದಿಂದ ಕಾವಲಿರಬೇಡವೆ?