‘ಎಂಥೂಸಿಯಾಸಂ’ ಬೈಗುಳವಾಗಿದ್ದ ಕಾಲ

ಕೆಲಸಕ್ಕೆ ಅರ್ಜಿ ಹಾಕುವವರು ತಮ್ಮ ಬಗ್ಗೆ ಬರೆದುಕೊಳ್ಳುವ ಇಂಗ್ಲಿಷ್ ವಿಶೇಷಣಗಳಲ್ಲಿ ‘ಎಂಥೂಸಿಯಾಸ್ಟಿಕ್’ ಎಂಬುದಕ್ಕೆ ಖಾಯಂ ಸ್ಥಾನವಿದೆ. ಉತ್ಸಾಹಿ, ಲವಲವಿಕೆಯುಳ್ಳ ವ್ಯಕ್ತಿ ಎಂದು ಅದರ ಅರ್ಥ. ಆದರೆ ಅದೇ ಅರ್ಜಿ 1700ರ ಸುಮಾರಿನಲ್ಲಿ ಲಂಡನ್ನಿನ ಸಭ್ಯ ಗೃಹಸ್ಥನೊಬ್ಬನ ಕೈ ಸೇರಿದ್ದರೆ ಆತ ಅರ್ಜಿದಾರನನ್ನು ಹೊಸ್ತಿಲು ದಾಟಲೂ ಬಿಡುತ್ತಿರಲಿಲ್ಲ. ಆಗ ಅದು ತಲೆಕೆಟ್ಟ ಧರ್ಮಾವೇಶಿಗಳನ್ನು ಹೀಗಳೆಯುವ ಮಾತಾಗಿತ್ತು.

ಸ್ವಭಾವ, ಭಾವನೆ, ಮಾತಿನ ಧಾಟಿಗಳನ್ನು ಬಣ್ಣಿಸುವ ಇಂಗ್ಲಿಷ್ ಪದಗಳನ್ನು ನಾವು ನಿಘಂಟು ನೋಡಿ ಕಲಿಯುತ್ತೇವೆ. ಯಾವುದು ಹೊಗಳಿಕೆ, ಯಾವುದು ತೆಗಳಿಕೆ ಎಂಬುದು ಅಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ. ಆ ತೀರ್ಮಾನದ ಹಿಂದೆ ಎಂಥ ಜಗಳಗಳು ನಡೆದಿದ್ದವೆಂಬುದನ್ನು ಮಾತ್ರ ನಿಘಂಟು ಹೇಳುವುದಿಲ್ಲ.

ಈ ಪದದ ಮೂಲ ಗ್ರೀಕ್. ‘ಥಿಯೋಸ್’ ಎಂದರೆ ದೇವರು. ದೇವರು ಒಳಹೊಕ್ಕ ಸ್ಥಿತಿಯೇ ‘ಎಂಥೂಸಿಯಾಸಂ’. ನಮ್ಮ ಹಳ್ಳಿಗಳಲ್ಲಿ ‘ಮೈಮೇಲೆ ದೇವರು ಬಂದಿದೆ’ ಎನ್ನುತ್ತಾರಲ್ಲ, ಅದಕ್ಕೆ ತೀರಾ ಹತ್ತಿರ. ಇಂಗ್ಲೆಂಡಿನಲ್ಲಿ ಇದು ಅಪಾಯದ ಪದವಾಗಲು ಕಾರಣ 1642ರಿಂದ 1651ರವರೆಗೆ ನಡೆದ ಅಂತರ್ಯುದ್ಧ. 1649ರಲ್ಲಿ ದೊರೆ ಒಂದನೇ ಚಾರ್ಲ್ಸ್‌ನ ಶಿರಚ್ಛೇದವಾಯಿತು. ಆ ಗೊಂದಲದ ವರ್ಷಗಳಲ್ಲಿ ಹುಟ್ಟಿಕೊಂಡ ಹಲವು ಪಂಥಗಳು ದೇವರು ತಮ್ಮೊಡನೆ ನೇರವಾಗಿ ಮಾತನಾಡುತ್ತಾನೆಂದು ಸಾರಿದವು. ದೇವರು ಸಾಮಾನ್ಯ ಕಸುಬುದಾರನ ಜತೆಗೇ ಮಾತನಾಡುವುದಾದರೆ ಬಿಷಪ್ಪನ ಅಗತ್ಯವೇನು? ದೊರೆಯ ಅಗತ್ಯವಾದರೂ ಏನು? ಮುಂದಿನ ನೂರು ವರ್ಷ ಆಳುವ ವರ್ಗವನ್ನು ಕಾಡಿದ ಭಯ ಇದು. ತತ್ವಜ್ಞಾನಿ ಜಾನ್ ಲಾಕ್ 1700ರಲ್ಲಿ ತನ್ನ ಪ್ರಸಿದ್ಧ ಗ್ರಂಥದ ನಾಲ್ಕನೇ ಆವೃತ್ತಿಗೆ ಈ ‘ರೋಗ’ದ ವಿರುದ್ಧವೇ ಒಂದು ಹೊಸ ಅಧ್ಯಾಯ ಸೇರಿಸಿದ.

1706ರಲ್ಲಿ ಫ್ರಾನ್ಸಿನಿಂದ ಓಡಿಬಂದ ಕೆಲವು ಪ್ರಾಟೆಸ್ಟೆಂಟ್ ನಿರಾಶ್ರಿತರು ಲಂಡನ್ನಿನಲ್ಲಿ ಮೈ ನಡುಗಿಸುತ್ತಾ ಭವಿಷ್ಯ ನುಡಿಯತೊಡಗಿದರು. ಅವರಿಗೆ ಇಂಗ್ಲಿಷ್ ಅನುಯಾಯಿಗಳೂ ಸಿಕ್ಕರು. ತೀರಿಕೊಂಡಿದ್ದ ಅನುಯಾಯಿಯೊಬ್ಬ 1708ರ ಮೇ 25ರಂದು ಗೋರಿಯಿಂದೆದ್ದು ಬರುತ್ತಾನೆಂದು ಈ ಗುಂಪು ಘೋಷಿಸಿತು. ಆತ ಏಳಲಿಲ್ಲ. ಅದಕ್ಕೂ ಮೊದಲೇ ಮೂವರನ್ನು ಬಹಿರಂಗವಾಗಿ ಮರದ ಚೌಕಟ್ಟಿಗೆ ಸಿಕ್ಕಿಸಿ ನಿಲ್ಲಿಸಿ ಶಿಕ್ಷಿಸಲಾಗಿತ್ತು. ಜಾತ್ರೆಯ ಬೊಂಬೆಯಾಟದಲ್ಲಿಯೂ ಇವರನ್ನು ಗೇಲಿ ಮಾಡುತ್ತಿದ್ದರು. ಶಾಫ್ಟ್ಸ್‌ಬರಿ ಪ್ರಭು ಅದೇ ವರ್ಷ ಪ್ರಕಟಿಸಿದ ಪತ್ರರೂಪದ ಪ್ರಬಂಧದಲ್ಲಿ ಆ ಬೊಂಬೆಯಾಟವನ್ನೇ ಮೆಚ್ಚಿಕೊಂಡ. ಇಂಥವರಿಗೆ ಶಿಕ್ಷೆ ಕೊಟ್ಟರೆ ಹುತಾತ್ಮರಾಗುತ್ತಾರೆ, ನಕ್ಕುಬಿಟ್ಟರೆ ಸಾಕು ಎಂಬುದು ಅವನ ವಾದ. ಆ ಕಾಲಕ್ಕೆ ಇದು ಉದಾರ ನಿಲುವೇ ಸರಿ.

ಆದರೆ ನಗೆಯೂ ಒಂದು ಆಯುಧವೇ. 1739ರಲ್ಲಿ ಪಾದ್ರಿ ಜಾನ್ ವೆಸ್ಲಿ ಬ್ರಿಸ್ಟಲ್ ಸುತ್ತಮುತ್ತ ಬಯಲಿನಲ್ಲಿ ನಿಂತು ಉಪದೇಶಿಸತೊಡಗಿದ. ಹತ್ತಿರದ ಕಿಂಗ್ಸ್‌ವುಡ್‌ನ ಕಲ್ಲಿದ್ದಲು ಗಣಿ ಕಾರ್ಮಿಕರು ಅವನ ಮಾತು ಕೇಳಲು ನೆರೆದರು. ಕೇಳುಗರಲ್ಲಿ ಕೆಲವರು ಅತ್ತರು, ಕಿರುಚಿದರು, ನೆಲಕ್ಕೆ ಬಿದ್ದರು. ಬ್ರಿಸ್ಟಲ್‌ನ ಬಿಷಪ್ ಜೋಸೆಫ್ ಬಟ್ಲರ್ ವೆಸ್ಲಿಯನ್ನು ಕರೆಸಿ, ಈ ಊರು ಬಿಟ್ಟು ಹೋಗೆಂದು ಸಲಹೆ ಕೊಟ್ಟ. ಹತ್ತು ವರ್ಷಗಳ ನಂತರ ಇನ್ನೊಬ್ಬ ಬಿಷಪ್ ಲ್ಯಾವಿಂಗ್ಟನ್, ವೆಸ್ಲಿಯ ಮೆಥಡಿಸ್ಟರ ‘ಎಂಥೂಸಿಯಾಸಂ’ ಖಂಡಿಸಲು ಪುಸ್ತಕವನ್ನೇ ಬರೆದ. ಗಣಿ ಕಾರ್ಮಿಕರ ಕಣ್ಣೀರನ್ನು ತಳ್ಳಿಹಾಕಲು ಆ ಒಂದು ಪದ ಸಾಕಾಗಿತ್ತು.

ಕುತೂಹಲದ ಸಂಗತಿ ಎಂದರೆ ವೆಸ್ಲಿ ಪದವನ್ನು ಸಮರ್ಥಿಸಿಕೊಳ್ಳಲಿಲ್ಲ. 1750ರಲ್ಲಿ ಇದೇ ವಿಷಯದ ಮೇಲೆ ಉಪದೇಶವೊಂದನ್ನು ಪ್ರಕಟಿಸಿ, ಅದೊಂದು ಬಗೆಯ ಹುಚ್ಚೆಂದು ತಾನೂ ಒಪ್ಪಿ, ಅದರ ವಿಧಗಳನ್ನು ವಿವರಿಸಿದ. ಹೆಸರಿಗಷ್ಟೇ ಕ್ರೈಸ್ತರಾಗಿದ್ದು ತಾವು ದೈವಕೃಪೆಗೆ ಪಾತ್ರರೆಂದು ಭಾವಿಸುವವರನ್ನೂ ಆ ಸಾಲಿಗೆ ಸೇರಿಸಿದ. ಬೈಗುಳವನ್ನು ಬೈದವರ ಕಡೆಗೇ ತಿರುಗಿಸಿದ ಜಾಣತನ ಇದು.

1755ರಲ್ಲಿ ಬಂದ ಸ್ಯಾಮ್ಯುಯೆಲ್ ಜಾನ್ಸನ್ನನ ನಿಘಂಟಿನಲ್ಲಿ ಪದ ಹೊರಳುತ್ತಿರುವುದನ್ನು ಕಾಣಬಹುದು. ಮೊದಲನೆಯ ಅರ್ಥ, ದೇವರು ತನಗೇ ಪ್ರತ್ಯೇಕವಾಗಿ ದರ್ಶನ ಕೊಟ್ಟನೆಂಬ ಪೊಳ್ಳು ನಂಬಿಕೆ. ಎರಡನೆಯದು ಕಲ್ಪನೆಯ ಕಾವು, ಭಾವದ ತೀವ್ರತೆ. ಮೂರನೆಯದು ಉನ್ನತ ಕಲ್ಪನೆ, ಅಂದರೆ ಹೆಚ್ಚುಕಡಿಮೆ ಹೊಗಳಿಕೆ. ಧರ್ಮಯುದ್ಧಗಳ ನೆನಪು ಮಾಸಿದಂತೆ, ಕವಿಗಳು ಭಾವಾವೇಶಕ್ಕೆ ಬೆಲೆ ಕೊಟ್ಟಂತೆ ಕೊನೆಯ ಅರ್ಥವೇ ಮುಂದೆ ಬಂತು. ನಮ್ಮ ‘ಉತ್ಸಾಹ’ಕ್ಕೆ ಈ ಪಾಡು ಬರಲಿಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ಅದು ವೀರರಸದ ಸ್ಥಾಯಿಭಾವ. ಅಂದಿನಿಂದಲೂ ಅದಕ್ಕೆ ಗೌರವವೇ. ಹಾಗಾಗಿ ಹದಿನೆಂಟನೇ ಶತಮಾನದ ಇಂಗ್ಲಿಷ್ ಬರಹದ ‘ಎಂಥೂಸಿಯಾಸ್ಟ್’ನನ್ನು ‘ಉತ್ಸಾಹಿ’ ಎಂದು ಕಣ್ಣು ಮುಚ್ಚಿ ಅನುವಾದಿಸಿದರೆ ಆಪಾದನೆಯೇ ಪ್ರಶಂಸೆಯಾಗಿಬಿಡುತ್ತದೆ.

ತದ್ವಿರುದ್ಧ ದಿಕ್ಕಿನಲ್ಲಿ ನಡೆದ ಪದವೂ ಇದೆ. ‘ಕಂಡಿಸೆನ್ಷನ್’ ಎಂದರೆ ಇಂದು ತಾನು ಮೇಲೆಂದು ತೋರಿಸಿಕೊಳ್ಳುತ್ತಾ ಮಾತನಾಡುವ ಧಾಟಿ. ಜಾನ್ಸನ್ನನ ಕಾಲಕ್ಕೆ ಅದು ಸದ್ಗುಣ: ದೊಡ್ಡವರು ತಮ್ಮ ಅಂತಸ್ತಿನಿಂದ ಇಳಿದುಬಂದು ಚಿಕ್ಕವರನ್ನು ಸಮಾನರಂತೆ ಕಾಣುವುದು. ಮೇಲುಕೀಳು ಸಹಜವೆಂದು ಎಲ್ಲರೂ ಒಪ್ಪಿದ್ದಾಗ ಹಾಗೆ ಇಳಿದುಬರುವುದು ಸೌಜನ್ಯ, ಒಪ್ಪದಿದ್ದಾಗ ಅವಮಾನ. ಜೇನ್ ಆಸ್ಟೆನ್‌ಳ 1813ರ ಕಾದಂಬರಿ ‘ಪ್ರೈಡ್ ಅಂಡ್ ಪ್ರೆಜುಡಿಸ್’ನಲ್ಲಿ ಪಾದ್ರಿ ಕಾಲಿನ್ಸ್ ತನ್ನ ಆಶ್ರಯದಾತೆ ಲೇಡಿ ಕ್ಯಾಥರೀನಳ ಈ ಗುಣವನ್ನು ಕೊಂಡಾಡುತ್ತಾನೆ. ಅವನು ಅರಿಯದೆ ಬೈಯುತ್ತಿದ್ದಾನೆಂದು ಇಂದಿನ ಓದುಗನಿಗೆ ಅನ್ನಿಸಬಹುದು. ಅವನು ಆಡುವುದು ಶುದ್ಧ ಹೊಗಳಿಕೆಯನ್ನೇ. ಆಕೆ ಅಪ್ಪಟ ದರ್ಪಿಷ್ಠೆ ಎಂಬುದರಲ್ಲಿ ಆಸ್ಟೆನ್‌ಳ ತಮಾಷೆ ಇದೆ.