ಶುಶ್ರೂಷೆಯ ಕಾನೂನು: ನೋಂದಣಿ ಗಟ್ಟಿ, ಅಧಿಕಾರ ಜೊಳ್ಳು

1930ರ ದಶಕದ ಕೊನೆಯಲ್ಲಿ ತುಂಗಭದ್ರೆಯ ಆಚೆ ದಂಡೆಯ ಹೊಸಪೇಟೆ ಮದ್ರಾಸ್ ಪ್ರಾಂತ್ಯದ 1926ರ ನರ್ಸ್ ಮತ್ತು ಮಿಡ್‌ವೈಫ್ ಕಾಯ್ದೆಗೆ ಒಳಪಟ್ಟಿತ್ತು. ಪಡುವಣಕ್ಕೆ ಗದಗಿನಲ್ಲಿ ಮುಂಬಯಿಯ 1935ರ ನೋಂದಣಿ ಕಾಯ್ದೆ ನಡೆಯುತ್ತಿತ್ತು. ನಡುವಿನ ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಜಹಗೀರು. ಗಂಗಾವತಿ, ಕುಷ್ಟಗಿಗಳು ನಿಜಾಮರ ರಾಯಚೂರು ಜಿಲ್ಲೆ. ಹೀಗಾಗಿ ಈ ನಾಲ್ಕೂ ತಾಲ್ಲೂಕುಗಳು ಆ ಎರಡೂ ಕಾಯ್ದೆಗಳ ಹೊರಗೇ ಉಳಿದವು. ಒಳಗಿದ್ದವರಿಗಾದರೂ ಕಾಯ್ದೆ ಕೊಟ್ಟದ್ದೇನು? 1901ರಲ್ಲಿ ನ್ಯೂಜಿಲೆಂಡ್, 1919ರಲ್ಲಿ ಇಂಗ್ಲೆಂಡ್ ಹಾಕಿಕೊಟ್ಟ ಮೇಲ್ಪಂಕ್ತಿಯಂತೆ ಒಂದು ನೋಂದಣಿ ಪುಸ್ತಕ. ತರಬೇತಿ ಪಡೆದವರ ಹೆಸರು ಅದರಲ್ಲಿ ಸೇರುತ್ತದೆ, ಕರ್ತವ್ಯಲೋಪ ಮಾಡಿದವರ ಹೆಸರು ಅಳಿಯುತ್ತದೆ. ನರ್ಸ್ ಯಾರು ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿತ್ತು. ವೈದ್ಯರ ಅಪ್ಪಣೆ ಇಲ್ಲದೆ ಆಕೆ ಏನೇನು ಮಾಡಬಹುದು ಎಂಬುದನ್ನು ಆ ಕಾಯ್ದೆಗಳು ಬಿಡಿಸಿ ಹೇಳಲಿಲ್ಲ. ನನ್ನ ವಾದವಿಷ್ಟೇ: ಸುಮಾರು ನೂರು ವರ್ಷಗಳಲ್ಲಿ ಮೊದಲ ಪ್ರಶ್ನೆಗೆ ಕಾಯ್ದೆಯ ಮೇಲೆ ಕಾಯ್ದೆ ಬಂದಿದೆ, ಎರಡನೆಯದು ಸುತ್ತೋಲೆಗಳಲ್ಲೇ ಕಾಲ ಹಾಕುತ್ತಿದೆ.

1947ರ ಭಾರತೀಯ ಶುಶ್ರೂಷಾ ಪರಿಷತ್ ಕಾಯ್ದೆಯ ಮುಖ್ಯ ಉದ್ದೇಶ ದೇಶಕ್ಕೆಲ್ಲ ಒಂದೇ ಮಟ್ಟದ ತರಬೇತಿ. ಏಕೀಕರಣದ ಬಳಿಕ ಬಂದ 1961ರ ರಾಜ್ಯ ಕಾಯ್ದೆ ನರ್ಸ್, ಮಿಡ್‌ವೈಫ್ ಮತ್ತು ಆರೋಗ್ಯ ಸಂದರ್ಶಕಿಯರನ್ನು ಒಂದೇ ಪರಿಷತ್ತಿನ ಕೆಳಗೆ ತಂದಿತು. ಈ ಸೀಮೆಯೂ ಅದರೊಳಗೆ ಬಂತು. ಆಮೇಲಿನ ಜಗಳಗಳೆಲ್ಲ ಬಹುಮಟ್ಟಿಗೆ ಕಾಲೇಜುಗಳದ್ದು. ಶಿಕ್ಷಣ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ಅಧಿಕಾರ ಕೇಂದ್ರ ಪರಿಷತ್ತಿಗಿಲ್ಲ ಎಂದು ರಾಜ್ಯ ಹೈಕೋರ್ಟ್ 2017ರಲ್ಲಿ ಹೇಳಿದಾಗ ಆಡಳಿತ ಮಂಡಳಿಗಳು ನಿಟ್ಟುಸಿರು ಬಿಟ್ಟವು. ಹೊರರಾಜ್ಯದಲ್ಲೋ ಹೊರದೇಶದಲ್ಲೋ ಕೆಲಸ ಹುಡುಕಬೇಕಾದ ವಿದ್ಯಾರ್ಥಿಗಳಿಗೆ ಮಾತ್ರ ತಮ್ಮ ಪ್ರಮಾಣಪತ್ರದ ಚಿಂತೆ ಹತ್ತಿಕೊಂಡಿತು. ಮಾನ್ಯತೆಯ ಈ ಗದ್ದಲದಲ್ಲಿ ವಾರ್ಡಿನೊಳಗಿನ ಪ್ರಶ್ನೆ ಯಾರ ಕಿವಿಗೂ ಬೀಳಲಿಲ್ಲ.

ಆ ಪ್ರಶ್ನೆ ಬಿಸಿ ಮುಟ್ಟಿಸುವುದು ಬೆಂಗಳೂರಿನಲ್ಲಲ್ಲ. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ, ವೈದ್ಯಕೀಯ ಕಾಲೇಜು ಕಂಡದ್ದು 2015ರಲ್ಲಿ. ಮರಳಿಯಂಥ ಊರುಗಳ ಸುತ್ತಲಿನ ಹಳ್ಳಿಗಳಲ್ಲಿ ಮಂದಿ ಮೊದಲು ಬಾಗಿಲು ತಟ್ಟುವುದು ಉಪಕೇಂದ್ರದ ಸಿಸ್ಟರ್‌ದು. ಬಾಣಂತಿಗೆ ರಕ್ತಸ್ರಾವ ನಿಲ್ಲದಿದ್ದರೆ ಆಕ್ಸಿಟೋಸಿನ್ ಕೊಡುವುದು, ಗರ್ಭಿಣಿಗೆ ಫಿಟ್ಸ್ ಬಂದರೆ ಮೆಗ್ನೀಸಿಯಂ ಸಲ್ಫೇಟಿನ ಮೊದಲ ಡೋಸ್ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸುವುದು, ಇವಕ್ಕೆಲ್ಲ ಕೇಂದ್ರ ಸರ್ಕಾರ ಅನುಮತಿ ಕೊಟ್ಟಿದೆ. ಕೊಟ್ಟದ್ದು ಹೆರಿಗೆ ತರಬೇತಿಯ ಮಾರ್ಗಸೂಚಿಗಳ ಮೂಲಕ. ಪ್ರಾಥಮಿಕ ಆರೋಗ್ಯ ಕೇಂದ್ರ, ಉಪಕೇಂದ್ರಗಳ ಸಿಬ್ಬಂದಿ ಔಷಧ ಹಂಚಲು ಪರವಾನಗಿ ಬೇಕಿಲ್ಲ ಎಂಬ ವಿನಾಯಿತಿ ಕೂತಿರುವುದು ಔಷಧ ನಿಯಮಗಳ ಅನುಸೂಚಿಯೊಂದರ ಮೂಲೆಯಲ್ಲಿ. ನರ್ಸಿಂಗ್ ಕಾಯ್ದೆಯನ್ನು ತಿರುವಿ ಹಾಕಿದರೆ ಇವು ಯಾವುವೂ ಸಿಗವು. ಬಿ.ಎಸ್ಸಿ. ನರ್ಸಿಂಗ್ ಓದಿ ಸಮುದಾಯ ಆರೋಗ್ಯ ಅಧಿಕಾರಿಯಾದವರ ಪಾಡೂ ಇದೇ: ಹುದ್ದೆಯ ಹೆಸರಿನಲ್ಲಿ ಅಧಿಕಾರವಿದೆ, ಅದರ ಬೇರು ಕಾಯ್ದೆಯಲ್ಲಿಲ್ಲ.

ಹೊಣೆ ಹೊರಿಸುವಾಗ ಕಾನೂನಿಗೆ ಈ ಸಂಕೋಚವಿಲ್ಲ. ಸ್ಪ್ರಿಂಗ್ ಮೆಡೋಸ್ ಪ್ರಕರಣದಲ್ಲಿ (1998) ಮಗುವಿಗೆ ನರ್ಸ್ ಕೊಟ್ಟ ತಪ್ಪು ಇಂಜೆಕ್ಷನ್ನಿಗೆ ಸುಪ್ರೀಂ ಕೋರ್ಟ್ ಆಸ್ಪತ್ರೆಯನ್ನೇ ಹೊಣೆ ಮಾಡಿತು. ಪರಿಹಾರದ ಮಟ್ಟಿಗೆ ಅದು ಸರಿ. ಆದರೆ ಜೈಲಿನ ಮಾತು ಬಂದಾಗ ಮಾಲೀಕರು ಅಡ್ಡ ನಿಲ್ಲಲಾಗದು. ಜೇಕಬ್ ಮ್ಯಾಥ್ಯೂ ತೀರ್ಪು (2005) ತಜ್ಞರ ಅಭಿಪ್ರಾಯ ಪಡೆಯದೆ ವೈದ್ಯರ ಮೇಲೆ ಕ್ರಮಕ್ಕೆ ಮುಂದಾಗಬಾರದೆಂದಿತು. ಆ ರಕ್ಷಣೆ ನರ್ಸ್‌ಗಳಿಗೂ ಸಲ್ಲಬೇಕೆಂಬ ಮಾತು ಕೇರಳ ಹೈಕೋರ್ಟಿನಿಂದ ಬರಲು 2024ರವರೆಗೆ ಕಾಯಬೇಕಾಯಿತು. ಅದೇ ವರ್ಷದ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಓದಿ: ನಿರ್ಲಕ್ಷ್ಯದಿಂದ ಸಾವಾದರೆ ಐದು ವರ್ಷದವರೆಗೆ ಸೆರೆ, ಚಿಕಿತ್ಸೆಯ ವೇಳೆ ನೋಂದಾಯಿತ ವೈದ್ಯರಿಂದ ಆದರೆ ಎರಡು ವರ್ಷದವರೆಗೆ. ನೋಂದಾಯಿತ ವೈದ್ಯರೆಂದರೆ ವೈದ್ಯಕೀಯ ನೋಂದಣಿ ಪುಸ್ತಕದಲ್ಲಿ ಹೆಸರಿರುವವರು ಎಂಬ ವಿವರಣೆಯೂ ಅಲ್ಲೇ ಇದೆ. ಒಂದೇ ಹೆರಿಗೆ ಕೋಣೆ, ಒಂದೇ ಅವಘಡ. ಕಡಿಮೆ ಅಧಿಕಾರದವಳಿಗೆ ಹೆಚ್ಚು ಶಿಕ್ಷೆ. ಇದಕ್ಕೆ ಒಪ್ಪುವ ಸಮರ್ಥನೆ ನನಗಂತೂ ಕಾಣುತ್ತಿಲ್ಲ.

ನರ್ಸ್‌ಗಳ ಅಧಿಕಾರವನ್ನು ಕಾನೂನಿನಲ್ಲಿ ಬರೆದರೆ ನಕಲಿ ವೈದ್ಯರಿಗೆ ದಾರಿಯಾಗುತ್ತದೆ ಎಂಬುದು ವೈದ್ಯರ ಹಳೆಯ ಆಕ್ಷೇಪ. ಆತಂಕ ಸುಳ್ಳಲ್ಲ, ಔಷಧದ ದುರ್ಬಳಕೆ ನಮ್ಮಲ್ಲಿ ಹೊಸದೇನಲ್ಲ. ಆದರೆ ನಕಲಿಯವನಿಗೆ ಯಾವ ಪುಸ್ತಕದಲ್ಲೂ ಹೆಸರಿಲ್ಲ, ಹಾಗಾಗಿ ಅಳಿಸುವುದಕ್ಕೂ ಇಲ್ಲ. ನರ್ಸ್‌ಗೆ ಹೆಸರೂ ಇದೆ, ಕಳೆದುಕೊಳ್ಳುವ ಭಯವೂ ಇದೆ. ಇಂಥ ಔಷಧ, ಇಂಥ ಸಂದರ್ಭ, ಇಷ್ಟೇ ಪ್ರಮಾಣ ಎಂದು ಬರೆದಿಟ್ಟರೆ ಮೀರಿದವರನ್ನು ಹಿಡಿಯುವುದೂ ಸುಲಭ. ಸುತ್ತೋಲೆಯನ್ನು ಬೇಕೆಂದಾಗ ತಿದ್ದಬಹುದು, ಕಾಯ್ದೆ ಜಡ ಎಂಬ ಇನ್ನೊಂದು ವಾದಕ್ಕೆ ಹೆಚ್ಚು ಮಾತು ಬೇಡ: ಕಾಯ್ದೆಯಡಿಯ ನಿಯಮಾವಳಿಯನ್ನೂ ಹಾಗೆಯೇ ತಿದ್ದಬಹುದು, ಅದಕ್ಕೆ ನ್ಯಾಯಾಲಯದಲ್ಲಿ ತೂಕವಿರುತ್ತದೆ.

1947ರ ಕಾಯ್ದೆಯ ಜಾಗಕ್ಕೆ ಸಂಸತ್ತು 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಶುಶ್ರೂಷೆ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಯನ್ನು ತಂದಿತು. ಶಿಕ್ಷಣಕ್ಕೊಂದು, ಮೌಲ್ಯಮಾಪನಕ್ಕೊಂದು, ನೀತಿ ಮತ್ತು ನೋಂದಣಿಗೊಂದು ಮಂಡಳಿ. ರಾಜ್ಯಗಳಿಗೆ ಪ್ರತ್ಯೇಕ ಆಯೋಗ. ನೋಂದಣಿ ಇಲ್ಲದೆ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸೆರೆ ಅಥವಾ ಐದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮೊದಲ ಪ್ರಶ್ನೆಗೆ ಇದಕ್ಕಿಂತ ಗಟ್ಟಿ ಉತ್ತರ ಹಿಂದೆ ಬಂದಿರಲಿಲ್ಲ. ಆದರೆ ನರ್ಸ್ ಸ್ವಂತ ತೀರ್ಮಾನದಿಂದ ಮಾಡಬಹುದಾದ ಕೆಲಸಗಳ ಪಟ್ಟಿ ಕಾಯ್ದೆಯ ಒಡಲಲ್ಲಿಲ್ಲ. ಆ ಪಟ್ಟಿಯನ್ನು ನಿಯಮಾವಳಿಯಲ್ಲಾದರೂ ಬರೆಸಬೇಕು, 106ನೇ ಕಲಮಿನ ವಿವರಣೆಗೆ ನೋಂದಾಯಿತ ನರ್ಸ್‌ಗಳನ್ನು ಸೇರಿಸುವಂತೆ ಒತ್ತಾಯಿಸಬೇಕು. ನರ್ಸ್‌ಗಳ ಸಂಘಗಳು ವೇತನದಷ್ಟೇ ಪಟ್ಟುಹಿಡಿದು ಈ ಎರಡನ್ನೂ ಕೇಳಲಿ. ನಮ್ಮ ಭಾಗದ ಶಾಸಕರು, ಸಂಸದರು ದನಿಗೂಡಿಸಲಿ.